ಅಲ್ಲಾಡದ ಚುಕ್ಕಿ

ನವೆಂಬರ್ 4, ಮಂಗಳವಾರ

ಇವತ್ತು ಮಾರಮ್ಮನ ಹೂವು ಬಲಗಡೆಗೆ ಬಿತ್ತು. ಬಲಗಡೆ ಬಿದ್ದರೆ ಅಮ್ಮ ಒಪ್ಪಿದಳು, ನಮ್ಮ ದೊಡ್ಡಿ ಊರಿನವರು ಹೊಲಕ್ಕೆ ಹೋಗಬಹುದು. ಎಡಗಡೆ ಬಿದ್ದರೆ ಆನೆ ಇದೆ, ಮನೆಯಲ್ಲೇ ಇರಬೇಕು. ನಾನು ಗುಡಿಯ ಬಾಗಿಲಲ್ಲಿ ನಿಂತು ಪೂಜಾರಿ ಮುನಿಕೃಷ್ಣಣ್ಣನ ಕೈಯನ್ನೇ ನೋಡುತ್ತಿದ್ದೆ. ಒದ್ದೆ ಸೇವಂತಿಗೆ ಎಸಳನ್ನು ಅಮ್ಮನ ಎರಡೂ ಭುಜಕ್ಕೆ ಅಂಟಿಸುತ್ತಾನೆ. ಯಾವುದು ಮೊದಲು ಒಣಗುತ್ತದೋ ಅದು ಬೀಳುತ್ತದೆ. ದೀಪ ಇರುವುದು ಬಲಗಡೆ. ಆ ಕಡೆ ಶಾಖ ಜಾಸ್ತಿ. ಇದನ್ನು ಎಲ್ಲರೆದುರೇ ಹೇಳಿದೆ.

"ಎಸ್ಸೆಲ್ಸಿಗೇ ಇಷ್ಟು ಬುದ್ಧಿ ಬಂದ್ಬುಟ್ಟದಲ್ಲಪ್ಪಾ ನಿಂಗೆ," ಎಂದ ಮುನಿಕೃಷ್ಣಣ್ಣ. "ಪೀಯೂಸಿ ಓದಿದ್ರೆ ಅಮ್ಮನ್ನೇ ಎತ್ತಿ ಆಚೆಗೆ ಮಡಗ್ತಿದ್ದೆ."

ಎಲ್ಲರೂ ನಕ್ಕರು. ನನಗೂ ನಗು ಬಂತು.

ಅಲ್ಲಿಂದ ಸೀದಾ ಕೆಲಸಕ್ಕೆ ಹೋದೆ. ಕೆಲಸವೆಂದರೆ ಫಾರೆಸ್ಟ್ ಆಫೀಸಿನವರ ಕೈಕೆಳಗೆ ಆನೆ ಕಾಯುವ ವಾಚರ್ ಕೆಲಸ, ದಿನಗೂಲಿ. ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತೆ, ಬಿಡದಿಯ ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿದ್ದೆ, ಚನ್ನಪಟ್ಟಣದಲ್ಲಿ ಆಟೋ ಓಡಿಸಿದೆ. ಎಲ್ಲೂ ಕಾಲು ನಿಲ್ಲಲಿಲ್ಲ. ಇದಕ್ಕೆ ಸೇರಿದ್ದು ಅಪ್ಪನಿಗಾಗಿ. ನಮ್ಮ ಹಿಪ್ಪುನೇರಳೆ ತೋಟ ಕಬ್ಬಾಳಿನ ಕಾಡಿಗೆ ಅಂಟಿಕೊಂಡೇ ಇದೆ. ಮೋಟಾರಿಗೆ ಬೇಕಾದ ತ್ರೀ ಫೇಸ್ ಕರೆಂಟು ಬೆಳಕು ಹರಿಯುವ ಮೊದಲೇ ಬಂದು ಕೆಲವು ಗಂಟೆಗೆ ಹೋಗುತ್ತದೆ. ಹೋದ ತಿಂಗಳು ಪಕ್ಕದ ಊರಿನವನೊಬ್ಬ ಹಾಗೇ ಮೋಟಾರು ಹಾಕಲು ಹೋಗಿ ಆನೆ ಕಾಲಿಗೆ ಸಿಕ್ಕಿದ. ಅಪ್ಪನಿಗೆ ಹೋಗಬೇಡ ಎಂದರೆ ತೋಟ ಒಣಗುತ್ತದೆ, ಹುಳ ಸಾಯುತ್ತದೆ. ಆನೆ ಎಲ್ಲಿದೆ ಎಂದು ಗೊತ್ತಾದರೆ ಯಾವತ್ತು ಹೋಗಬೇಕು, ಯಾವತ್ತು ಬೇಡ ಎಂದು ಅಪ್ಪನಿಗೆ ಹೇಳಬಹುದು. ನನಗೆ ಅಷ್ಟೇ ಬೇಕಾಗಿರುವುದು.

ನವೆಂಬರ್ 6, ಗುರುವಾರ

ಗುಂಪಿನ ದೊಡ್ಡ ಹೆಣ್ಣಾನೆಗೆ ಇವತ್ತು ಕತ್ತಿನ ಬೆಲ್ಟು ಹಾಕಿದರು. ಡಾಕ್ಟರು ಮದ್ದಿನ ಸೂಜಿ ಹೊಡೆದರು, ಅದು ನಿಂತಲ್ಲೇ ಮಂಪರಾಯಿತು. ಅದರ ಕಣ್ಣಿಗೆ ಒದ್ದೆ ಬಟ್ಟೆ ಕಟ್ಟಿ ಹಿಡಿದುಕೊಳ್ಳುವ ಕೆಲಸ ನನ್ನದು. ಕಣ್ಣಿನ ರೆಪ್ಪೆ ನನ್ನ ಬೆರಳಿನಷ್ಟು ಉದ್ದ. ಉಸಿರು ಬಿಟ್ಟಾಗಲೆಲ್ಲ ನನ್ನ ಅಂಗಿ ಒದ್ದೆಯಾಗುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ನಾನೊಬ್ಬ ಅಲ್ಲಿದ್ದೇನೆಂದು ತಿಳಿದೇ ಸುಮ್ಮನಿದೆ ಅನ್ನಿಸಿತು.

ಬೆಲ್ಟಿನ ಕೆಲಸ ಸಾನಾ ಮೇಡಂ ಅವರದು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ವಹಾಬ್ ಸಾಬರ ಮಗಳು. ಪ್ರಾಣಿಗಳ ಬಗ್ಗೆ ದೊಡ್ಡ ಓದು ಓದಿದ್ದಾರೆ. ಬೆಲ್ಟಿನೊಳಗಿನ ಮಿಷನ್ನು ದಿನಕ್ಕೆ ಕೆಲವು ಸಲ ಸಿಗ್ನಲ್ ಕಳಿಸುತ್ತದೆ, ನನ್ನ ಫೋನಿನ ಮ್ಯಾಪಿನಲ್ಲಿ ಕೆಂಪು ಚುಕ್ಕಿ ಬರುತ್ತದೆ. ಅದನ್ನು ನೋಡಿ ನಾನು ದೊಡ್ಡಿಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು.

ಸಂಜೆಗೆಲ್ಲ ಊರವರು ಅದಕ್ಕೆ ಗೌರಮ್ಮ ಎಂದು ಕರೆಯತೊಡಗಿದ್ದರು.

ನವೆಂಬರ್ 9, ಭಾನುವಾರ

ಚುಕ್ಕಿ ನಿನ್ನೆ ಸಂಜೆ ನಮ್ಮ ತೋಟದ ಹಿಂದಿನ ಹಳ್ಳದಲ್ಲಿತ್ತು. ಬೆಳಿಗ್ಗೆ ಹೋಗಬೇಡ ಎಂದೆ. ಅಪ್ಪ ಕೇಳಲಿಲ್ಲ. ಹಿಂದೆಯೇ ಹೋದೆ.

ಅಪ್ಪನದೊಂದು ಅಭ್ಯಾಸವಿದೆ. ತೋಟದ ಅಂಚಿನ ಹುಣಸೆ ಮರದ ಕೆಳಗೆ ನಿಂತು ಬೀಡಿ ಹಚ್ಚುತ್ತಾನೆ. ಹೊಗೆ ಯಾವ ಕಡೆ ಹೋಗುತ್ತದೆ ನೋಡುತ್ತಾನೆ. ಒಂದು ಸಲ ಕೆಮ್ಮುತ್ತಾನೆ, ಕೇಳುತ್ತಾನೆ. ಬೀಡಿ ಮುಗಿಯುವವರೆಗೂ ಅಲ್ಲಾಡುವುದಿಲ್ಲ. ಇವತ್ತು ಅರ್ಧ ಬೀಡಿಗೇ ಹಿಂದಕ್ಕೆ ತಿರುಗಿ, "ನಡೀಲಾ ಮನೆಗೆ, ಅವೆ," ಎಂದ. ಆಮೇಲೆ ನೋಡಿದರೆ ಪಕ್ಕದ ದೇವರಾಜುವಿನ ರಾಗಿ ಅರ್ಧ ಹೋಗಿತ್ತು.

"ನಾನ್ ಹೇಳಿರ್ಲಿಲ್ವಾ?" ಎಂದೆ.

"ನಿನ್ ಚುಕ್ಕಿ ಏಳ್ತು, ನನ್ ಬೀಡಿನೂ ಏಳ್ತು. ಬೀಡಿಗೆ ಚಾರ್ಜ್ ಮಾಡಂಗಿಲ್ಲ ಕಣ್ಲಾ."

ಆದರೆ ಸಂಜೆ ತಾನೇ ಬಂದು ಕೇಳಿದ, ನಾಳೆ ಹೆಂಗೈತೆ ಎಂದು.

ನವೆಂಬರ್ 12, ಬುಧವಾರ

ನಿನ್ನೆ ಹೂವು ಬಲಗಡೆ ಬಿತ್ತು, ನನ್ನ ಚುಕ್ಕಿ ಬೇಡ ಎಂದಿತು. ಆನೆ ಬಂತು. ಇವತ್ತು ಗುಡಿಗಿಂತ ಮೊದಲು ನಮ್ಮ ಜಗಲಿಗೆ ಜನ ಬಂದಿದ್ದರು.

ಎಲ್ಲರೂ ಹೋದ ಮೇಲೆ ಮುನಿಕೃಷ್ಣಣ್ಣ ಬಂದ. ಅವ್ವ ಕೊಟ್ಟ ಕಾಫಿ ಕುಡಿದು ಮುಗಿಸಿದ. ಆಮೇಲೆ, "ಲೋ ಕುಮಾರ, ನೀನು ಗ್ರೂಪಿಗೆ ಹಾಕಕಿಂತ ಒಸಿ ಮುಂಚೆ ನಂಗೊಂದ್ ಮಾತು ಹೇಳ್ಬುಡಪ್ಪ. ಅಮ್ಮನ ಮರ್ಯಾದೆ ಕಣೋ," ಎಂದ.

ಪಾಪ ಅನ್ನಿಸಿತು. ಹೂಂ ಎಂದೆ.

ನವೆಂಬರ್ 15, ಶನಿವಾರ

ಚುಕ್ಕಿ ಅಲ್ಲಾಡುತ್ತಿಲ್ಲ. ನಿನ್ನೆಯಿಂದ ಜೋಡಿಬಂಡೆಯ ಹತ್ತಿರವೇ ಇದೆ. ಅದು ಕಾಡಿನ ಒಳಗೆ, ಲಂಟಾನದ ಪೊದೆ ತುಂಬಿದ ಜಾಗ. ಸಾನಾ ಮೇಡಂ ಮರಳವಾಡಿ ಕಡೆ ಇನ್ನೊಂದು ಗುಂಪಿನ ಹಿಂದೆ ಇದ್ದಾರೆ. ಫೋನ್ ಮಾಡಿದೆ.

"ಮೂರರಲ್ಲಿ ಒಂದಿರಬಹುದು, ಜಯಕುಮಾರ್," ಎಂದರು. "ಹುಷಾರಿಲ್ಲದೆ ನಿಂತಿರಬಹುದು. ಬೆಲ್ಟ್ ಕಳಚಿ ಬಿದ್ದಿರಬಹುದು. ಇಲ್ಲಾಂದ್ರೆ ಮರಿ ಹಾಕಿರಬಹುದು. ಮರಿ ಹಾಕಿದ್ರೆ ಗುಂಪಿನ ಬೇರೆ ಹೆಣ್ಣಾನೆಗಳೂ ಸುತ್ತ ನಿಂತ್ಕೋತಾವೆ. ನಾನು ಬಂದು ನೋಡೋವರೆಗೂ ಯಾರೂ ಹತ್ತಿರ ಹೋಗಬೇಡಿ, ಪ್ಲೀಸ್."

ಆಫೀಸಿನಲ್ಲಿ ಹೇಳಿದೆ. ಒಳಗೆ ಹೋಗಿ ನೋಡಲು ಜನ ಇಲ್ಲ, ಮೇಡಂ ಬರಲಿ ಎಂದರು.

ನವೆಂಬರ್ 16, ಭಾನುವಾರ

ಅವ್ವ ಹುಳದ ತಟ್ಟೆಗೆ ಸೊಪ್ಪು ಹಾಕುತ್ತಾ, "ಗೌರಮ್ಮ ಎಲ್ಲವ್ಳ್ಲಾ ಇವತ್ತು?" ಎಂದು ಕೇಳಿದಳು. ಮೂರೂ ಹೇಳಬೇಕೆಂದೇ ಬಾಯಿ ತೆರೆದೆ. ಹುಷಾರಿಲ್ಲ ಎಂದರೆ ಅವ್ವ ನೊಂದುಕೊಳ್ಳುತ್ತಾಳೆ. ಬೆಲ್ಟು ಬಿದ್ದಿರಬಹುದು ಎಂದರೆ ಊರವರು ಮತ್ತೆ ಹೂವಿನ ಹಿಂದೆ ಹೋಗುತ್ತಾರೆ. ಅಲ್ಲದೆ ಅದು ಬೀಳುವಂಥ ಬೆಲ್ಟಲ್ಲ, ಬೋಲ್ಟು ಬಿಗಿಯುವಾಗ ನಾನೇ ಪಕ್ಕದಲ್ಲಿದ್ದೆ.

"ಮರಿ ಹಾಕಿದಂಗೈತೆ ಕಣವ್ವ," ಎಂದೆ.

ಅವ್ವನ ಕೈ ನಿಂತುಹೋಯಿತು. ನನ್ನ ಬೆನ್ನಿಗೆ ಒಂದು ತಂಗಿ ಹುಟ್ಟಿ ಉಳಿಯಲಿಲ್ಲ. ಆಮೇಲೆ ಅವ್ವನಿಗೆ ಮಕ್ಕಳಾಗಲಿಲ್ಲ.

"ಗೌರಮ್ಮ ಗಣಪನ್ನ ಹೆತ್ತವ್ಳೆ," ಎಂದಳು. ಸೊಪ್ಪಿನ ಕೈಯಲ್ಲೇ ಕೈ ಮುಗಿದಳು.

ಮಧ್ಯಾಹ್ನದ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿ ಗುಡಿಯ ಗಂಟೆ ಬಾರಿಸಿದರು. ಮುನಿಕೃಷ್ಣಣ್ಣ ಹೂವು ಕೇಳಿದ. ಕೈ ತೆಗೆಯುತ್ತಿದ್ದಂತೆ ಬಲಗಡೆ ಎಸಳು ಬಿತ್ತು. ಎಣ್ಣೆ ತೀರಿ ಇವತ್ತು ದೀಪ ಹಚ್ಚಿರಲಿಲ್ಲ. ಆದರೂ ಬಿತ್ತು.

ನವೆಂಬರ್ 18, ಮಂಗಳವಾರ

ಅವ್ವ ಬಾಣಂತಿ ಊಟ ಕಟ್ಟಿದಳು. ರಾಗಿ ತೆನೆ, ಬಾಳೆಗೊನೆ, ಅಚ್ಚು ಬೆಲ್ಲ, ಕೊಬ್ಬರಿ, ಒಂದು ಬಿಳಿ ಕುಂಬಳಕಾಯಿ. ಬೆಳ್ಳುಳ್ಳಿ ಹಾಕಬೇಕೋ ಬೇಡವೋ ಎಂದು ಬೀದಿಯ ಹೆಂಗಸರಲ್ಲಿ ದೊಡ್ಡ ಚರ್ಚೆ.

"ಬೆಳ್ಳುಳ್ಳಿ ಇಲ್ದೆ ಹಾಲು ಇಳಿದದಾ?" ಎಂದಳು ಅವ್ವ.

"ನೀ ಹೆತ್ತಿದ್ದು ಮನ್ಸನ್ನ ಕಣಮ್ಮ ಕೆಂಚಮ್ಮ. ಅವ್ಳು ಹೆತ್ತಿರೋದು ದೇವ್ರನ್ನ. ದೇವ್ರಿಗೆ ಬೆಳ್ಳುಳ್ಳಿ ಆಗಕಿಲ್ಲ," ಎಂದಳು ಪಕ್ಕದ ಮನೆಯವಳು.

ಕೊನೆಗೆ ಬೇರೆ ಎಲೆಯಲ್ಲಿ ಇಟ್ಟರು, ಬೇಕಿದ್ದರೆ ತಿನ್ನಲಿ ಎಂದು. ಕಾಡಿಗೆ ಹತ್ತಿರವೆಂದು ನಮ್ಮ ಹುಣಸೆ ಮರದ ಕೆಳಗೇ ಎಲ್ಲ ಇಟ್ಟು ಅರಿಶಿನ ಕುಂಕುಮ ಹಾಕಿ ಬಂದರು. ದೇವರಾಜು ಬೈಕ್ ನಿಲ್ಲಿಸಿ, "ನಿಮ್ಮವ್ವ ಹೆರಿಗೆ ಆಸ್ಪತ್ರೆ ತೆಗ್ದವ್ಳಲ್ಲೋ. ವಾರ್ಡ್ ಬಾಯ್ ನೀನೇ ಏನ್ಲಾ?" ಎಂದು ರೇಗಿಸಿದ. ಆದರೆ ಅವನೂ ಎರಡು ಜಲ್ಲೆ ಕಬ್ಬು ಇಟ್ಟು ಹೋದ.

ಕಾಡಿನ ಅಂಚಿನಲ್ಲಿ ತಿನ್ನುವುದನ್ನು ಇಡಬಾರದು, ಆನೆಗೆ ಜಾಗ ರೂಢಿಯಾಗುತ್ತದೆ ಎಂದು ಟ್ರೈನಿಂಗಿನಲ್ಲಿ ಹೇಳಿದ್ದರು. ಅದು ಸುಮ್ಮನೆ ಅಲೆಯುವ ಆನೆಗಳ ಮಾತು. ಬಾಣಂತಿಯದು ಬೇರೆ.

ನವೆಂಬರ್ 19, ಬುಧವಾರ

ಒಂದು ಚೂರೂ ಉಳಿದಿಲ್ಲ. ಬೆಳ್ಳುಳ್ಳಿ ಮಾತ್ರ ಇದೆ.

ಚುಕ್ಕಿ ಜೋಡಿಬಂಡೆಯಲ್ಲೇ ಇದೆ. ಹಾಗಾದರೆ ತಿಂದವರು ಯಾರು ಎಂದು ಒಂದು ಗಳಿಗೆ ಗೊಂದಲವಾಯಿತು. ಆಮೇಲೆ ಹೊಳೆಯಿತು: ಬೇರೆ ಹೆಣ್ಣಾನೆಗಳು ಜೊತೆಗಿರುತ್ತವೆ ಎಂದು ಮೇಡಂ ಹೇಳಿದ್ದರಲ್ಲ. ಅವಳ ಅಕ್ಕತಂಗಿಯರು ಬಂದು ಒಯ್ದಿದ್ದಾರೆ. ಅವಳು ಮರಿ ಬಿಟ್ಟು ಬರುವುದಿಲ್ಲ. ಎಲ್ಲ ಸರಿಯಾಗಿ ಹೊಂದುತ್ತದೆ.

ಗ್ರೂಪಿಗೆ ಹಾಕಿದೆ: ಅಕ್ಕತಂಗಿಯರು ಕತ್ತಲಲ್ಲಿ ಬಂದು ಊಟ ತಗೊಂಡು ಹೋಗುತ್ತಾರೆ, ಯಾರಿಗೂ ತೊಂದರೆ ಇಲ್ಲ. ಗ್ರೂಪಿನ ತುಂಬ ಕೈಮುಗಿಯುವ ಚಿತ್ರಗಳು. ಇವತ್ತು ಬೇರೆ ಬೀದಿಯವರೂ ಊಟ ಇಡುತ್ತಾರಂತೆ.

ನವೆಂಬರ್ 21, ಶುಕ್ರವಾರ

ಗುಡಿಯಲ್ಲಿ ಮುನಿಕೃಷ್ಣಣ್ಣ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಮಕ್ಕಳು ಮರಿ ಹೇಗಿದೆ ಎಂದು ಕೇಳಿದರು. ಹೇಳಿದೆ. ಮೈ ತುಂಬ ಕೆಂಗೂದಲು. ಸೊಂಡಿಲು ಏನು ಮಾಡುವುದೆಂದು ಗೊತ್ತಿಲ್ಲದೆ ತಾನೇ ತುಳಿದುಕೊಂಡು ಬೀಳುತ್ತದೆ. ಬಿದ್ದಾಗ ಗೌರಮ್ಮ ಮುಂಗಾಲಿನಿಂದ ಮೆಲ್ಲಗೆ ಎತ್ತುತ್ತಾಳೆ. ಬಂಡೆಯ ನೆರಳಿನಲ್ಲಿ ಮಲಗಿದಾಗ ಮೂರು ದೊಡ್ಡ ಆನೆಗಳು ಸುತ್ತ ಗೋಡೆಯ ಹಾಗೆ ನಿಲ್ಲುತ್ತವೆ. ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ದೊಡ್ಡವರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಇಷ್ಟು ದಿನ ಮಾಡಿದ ಯಾವ ಕೆಲಸದಲ್ಲೂ ನನ್ನ ಮಾತನ್ನು ಯಾರೂ ಹೀಗೆ ಕೇಳಿರಲಿಲ್ಲ. ಕಾಲು ಈಗ ಒಂದು ಕಡೆ ನಿಂತಿದೆ ಅನ್ನಿಸುತ್ತದೆ.

ಸಾನಾ ಮೇಡಂ ಫೋನ್ ಮಾಡಿದ್ದರು. "ಸೋಮವಾರ ಬರ್ತೀನಿ. ಇಷ್ಟು ದಿನ ಒಂದೇ ಜಾಗ ಅಂದ್ರೆ ನನಗ್ಯಾಕೋ ಅನುಮಾನ. ಅಲ್ಲೀತನಕ ಚುಕ್ಕಿ ನಂಬಬೇಡಿ," ಎಂದರು. ಅವರು ಊಟ ಇಟ್ಟಿದ್ದನ್ನು ನೋಡಿಲ್ಲ, ಊಟ ಹೋಗಿದ್ದನ್ನೂ ನೋಡಿಲ್ಲ. ಬಂದ ಮೇಲೆ ತೋರಿಸಿದರಾಯಿತು.

ಅಪ್ಪ ಮೋಟಾರು ಮನೆಯ ಹತ್ತಿರ ಲದ್ದಿ ನೋಡಿದನಂತೆ. "ಹಸಿ ಐತೆ ಕಣ್ಲಾ ಕುಮಾರ. ಬೆಳಕು ಹರ್ಯೋ ಹೊತ್ತಲ್ಲೂ ಇಲ್ಲೇ ಇದ್ವು ಅಂತ ಕಾಣ್ತದೆ."

"ಅಕ್ಕತಂಗೀರು ಕಣಪ್ಪ. ಊಟ ತಗೊಂಡು ಹೋಯ್ತವೆ ಅಷ್ಟೆ. ಗೌರಮ್ಮ ಬಂಡೆ ತಾವೇ ಅವ್ಳೆ, ನೋಡಿಲ್ಲಿ."

ಅಪ್ಪ ಫೋನನ್ನು ದೂರ ಹಿಡಿದು ನೋಡಿದ. ಅವನಿಗೆ ಹತ್ತಿರದ್ದು ಕಾಣುವುದಿಲ್ಲ. "ನೀನೇಳಿದ್ ಮ್ಯಾಲೆ ಸರಿ ಬುಡು," ಎಂದ.

ಇವತ್ತು ಗಮನಿಸಿದೆ: ಅಪ್ಪ ಹುಣಸೆ ಮರದ ಕೆಳಗೆ ನಿಲ್ಲಲಿಲ್ಲ. ಬೀಡಿ ಹಚ್ಚಿಕೊಂಡು ಹಾಗೇ ತೋಟದೊಳಕ್ಕೆ ನಡೆದ. ಅಪ್ಪನಿಗೆ ಈಗ ಭಯವಿಲ್ಲ. ಯಾವುದಕ್ಕಾಗಿ ಈ ಕೆಲಸಕ್ಕೆ ಸೇರಿದೆನೋ ಅದು ಆಯಿತು.

ನವೆಂಬರ್ 23, ಭಾನುವಾರ

ಹುಳ ನಾಲ್ಕನೇ ಜ್ವರ, ಅಂದರೆ ತಿನ್ನದೆ ಮಲಗುವ ದಿನ, ಮುಗಿಸಿ ಪೊರೆ ಬಿಟ್ಟು ಎದ್ದಿವೆ. ಇನ್ನು ತಿನ್ನುವುದೇ ತಿನ್ನುವುದು, ಮಳೆ ಬಿದ್ದ ಹಾಗೆ ಸದ್ದು. ನಾಳೆ ಬೇಗ ಹೋಗಿ ನೀರು ಕಟ್ಟಿ ಸೊಪ್ಪೂ ಕೊಯ್ದು ತರುತ್ತೇನೆಂದ ಅಪ್ಪ. ಚುಕ್ಕಿ ನೋಡಿದೆ. ಬಂಡೆಯಲ್ಲೇ ಇದೆ. ಹೂವೂ ಬಲಗಡೆ.

ಹೋಗಪ್ಪ ಎಂದೆ.

ನವೆಂಬರ್ 24, ಸೋಮವಾರ

ಅಪ್ಪ ಇಲ್ಲ.

ಹುಣಸೆ ಮರದಿಂದ ಮೋಟಾರು ಮನೆಗೆ ಹೋಗುವ ದಾರಿಯಲ್ಲಿ. ದೇವರಾಜು ಮೊದಲು ನೋಡಿದ. ನನಗೆ ಹತ್ತಿರ ಹೋಗಲು ಬಿಡಲಿಲ್ಲ. ಬಾಳೆ ಸಿಪ್ಪೆ ಅಲ್ಲೆಲ್ಲ.

ಮೋಟಾರು ಓಡುತ್ತಲೇ ಇತ್ತು. ಯಾರೂ ಆರಿಸಲಿಲ್ಲ.

ನವೆಂಬರ್ 28, ಶುಕ್ರವಾರ

ಸೋಮವಾರ ಊರವರು ಅಪ್ಪನನ್ನು ಕನಕಪುರದ ರಸ್ತೆಯಲ್ಲಿ ಮಲಗಿಸಿಕೊಂಡು ಸಂಜೆವರೆಗೂ ಕೂತಿದ್ದರು, ಫಾರೆಸ್ಟಿನ ಸಾಹೇಬರು ಬರಲಿ ಎಂದು. ಸಾನಾ ಮೇಡಂ ಅವತ್ತೇ ಬಂದಿದ್ದರು. ಜೀಪಿನಿಂದ ಇಳಿಯಲು ಜನ ಬಿಡಲಿಲ್ಲ. ಹಾಲು ತುಪ್ಪ ಬಿಟ್ಟಾಯಿತು. ಹುಳದ ತಟ್ಟೆಗಳನ್ನೆಲ್ಲ ದೇವರಾಜು ತನ್ನ ಮನೆಗೆ ಹೊತ್ತುಕೊಂಡು ಹೋದ. ಗೂಡು ಕಟ್ಟುವವರೆಗೂ ನಾನು ನೋಡಿಕೊಳ್ಳುತ್ತೇನೆ, ನೀನು ಬರಲೇಬೇಡ ಎಂದ. ನನ್ನನ್ನು ರೇಗಿಸುವವನು ನನ್ನ ಮುಖ ನೋಡಲಿಲ್ಲ.

ನನ್ನನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮುನಿಕೃಷ್ಣಣ್ಣ ಜಗಲಿಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದ:

"ಹನುಮಂತಯ್ಯ ಗೊತ್ತಿಲ್ದೆ ಬಾಣಂತಿಗೂ ಮಗೀಗೂ ನಡುಕೆ ಹೋಗ್ಬುಟ್ಟವ್ನೆ. ಮರಿ ತಿರ್ಗಿ ನೋಡ್ತು, ತಾಯಿ ಹೆದರಿದ್ಲು. ಅವ್ಳ್ದೇನ್ ತಪ್ಪು? ಯಾವ್ ತಾಯಿ ಸುಮ್ಕಿದ್ದಾಳು?"

ಅವ್ವ ಒಳಗಿನಿಂದ ಕೇಳಿಸಿಕೊಂಡಳು. ಅಲ್ಲಿಯವರೆಗೆ ಅವಳು ಒಂದೇ ಸಮನೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಅದು ನಿಂತಿತು.

ಡಿಸೆಂಬರ್ 1, ಸೋಮವಾರ

ಮೇಡಂ ಬಂದರು. ಆಫೀಸಿನ ಇಬ್ಬರು ಗಾರ್ಡುಗಳನ್ನು ಕರೆದುಕೊಂಡು ಜೋಡಿಬಂಡೆಗೆ ಹೊರಟರು. ಬೇಡವೆಂದರೂ ನಾನು ಹೋದೆ. ಮೇಡಂ ಕೈಯಲ್ಲಿ ಟಿವಿ ಆಂಟೆನಾದಂಥದ್ದು. ಅದು ಟಿಕ್ ಟಿಕ್ ಎನ್ನುತ್ತಿತ್ತು. ಬಂಡೆ ಹತ್ತಿರವಾದಂತೆ ಸದ್ದು ಜೋರಾಯಿತು. ಎಲ್ಲರೂ ಉಸಿರು ಹಿಡಿದುಕೊಂಡು ನಡೆದೆವು. ನಾನು ಗೋಡೆಯ ಹಾಗೆ ನಿಂತ ಆನೆಗಳನ್ನು ಹುಡುಕುತ್ತಿದ್ದೆ.

ಬೆಲ್ಟು ಲಂಟಾನದ ಪೊದೆಯಲ್ಲಿ ಸಿಕ್ಕಿಕೊಂಡಿತ್ತು. ಒಂದು ಕಡೆಯ ಬೋಲ್ಟು ಕಿತ್ತುಹೋಗಿತ್ತು. ಬಂಡೆಗೆ ಕತ್ತು ಉಜ್ಜಿದ ಗುರುತು ಇತ್ತು. ಬೆಲ್ಟಿನ ಮೇಲೆ ಜೇಡ ಬಲೆ ಕಟ್ಟಿತ್ತು. ಸುತ್ತ ಹೊಸ ಹೆಜ್ಜೆಯಿಲ್ಲ, ಲದ್ದಿಯಿಲ್ಲ.

ಮೇಡಂ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟರು. "ಮೊದಲನೇ ದಿನವೇ ಬಂದು ನೋಡಬೇಕಿತ್ತು ನಾನು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಮೂರು ಹೇಳಿದ್ದೆ ಅಲ್ವಾ ಜಯಕುಮಾರ್? ನೀವು ಊರಲ್ಲಿ ಎಷ್ಟು ಹೇಳಿದ್ರಿ?"

ನಾನು ಬೆಲ್ಟಿನ ಮೇಲಿನ ಜೇಡದ ಬಲೆ ಒರೆಸಿದೆ.

"ಹಂಗಾರೆ ಮರಿ, ಮೇಡಂ?" ಎಂದೆ.

"ಯಾವ ಮರಿ?"

ಊರಿಗೆ ವಾಪಸ್ ಬಂದಾಗ ಜೀಪಿನಲ್ಲಿ ಬೆಲ್ಟು ನೋಡಿದ ಮುನಿಕೃಷ್ಣಣ್ಣ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. "ಹೆರಿಗೆ ಹೊತ್ತಲ್ಲಿ ಬಿಗಿಯಾಯ್ತದೆ ಅಂತ ಅಮ್ಮನೇ ಬಿಚ್ಚಿ ಮಡಗವ್ಳೆ," ಎಂದ. ಗುಡಿಗೆ ಕೊಡಿ ಎಂದು ಕೇಳಿದ. ಮೇಡಂ ಕೊಡಲಿಲ್ಲ. ಜನ ಅವರನ್ನು ಕೆಟ್ಟದಾಗಿ ಬೈದರು. ಅವರ ಜಾತಿ ಹಿಡಿದು ಬೈದರು. ನಾನು ಪಕ್ಕದಲ್ಲೇ ಇದ್ದೆ, ಏನೂ ಹೇಳಲಿಲ್ಲ.

ಡಿಸೆಂಬರ್ 2, ಮಂಗಳವಾರ

ಕುಳಿತು ಸಮಾಧಾನವಾಗಿ ಯೋಚಿಸಿದೆ. ಬೆಲ್ಟು ಬಿದ್ದಿದ್ದು ನಿಜ. ಅದನ್ನು ಇಲ್ಲ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ಬೆಲ್ಟು ಬಿದ್ದರೆ ಮರಿ ಇಲ್ಲ ಎಂದು ಹೇಗಾಗುತ್ತದೆ? ಮರಿಯನ್ನು ಚುಕ್ಕಿ ತೋರಿಸಿರಲಿಲ್ಲ. ಮೇಡಂಗೆ ಸಿಕ್ಕಿದ್ದು ಬೆಲ್ಟು ಮಾತ್ರ. ಅವರು ಬರುವ ಮೊದಲೇ ಗೌರಮ್ಮ ಮರಿಯನ್ನು ಕರೆದುಕೊಂಡು ಹೋಗಿರಬಹುದು. ಹೆಜ್ಜೆ ಅಳಿಸಿಹೋಗಿರಬಹುದು.

ಸೊಂಡಿಲು ತುಳಿದುಕೊಂಡು ಬೀಳುವುದು ನನಗೆ ಅಷ್ಟು ಚೆನ್ನಾಗಿ ಕಂಡಿದೆ. ಇಲ್ಲದ್ದು ಹಾಗೆ ಕಾಣುವುದಿಲ್ಲ.

ಡಿಸೆಂಬರ್ 4, ಗುರುವಾರ

ಅಪ್ಪನ ತಿಥಿ ಮುಗಿಯಿತು. ನೆಂಟರೆಲ್ಲ ಊಟ ಮಾಡಿ ಹೊರಟರು. ಅವ್ವನ ಮುಂದೆ ಎಲೆ ಹಾಗೇ ಇತ್ತು. ಇಷ್ಟು ದಿನ ಅವಳು ನೀರು ಬಿಟ್ಟು ಸರಿಯಾಗಿ ಏನೂ ತಿಂದಿಲ್ಲ. ಬೆಲ್ಟಿನ ಸುದ್ದಿ ಯಾರೋ ಅವಳ ಕಿವಿಗೂ ಹಾಕಿದ್ದಾರೆ. ಪಕ್ಕದಲ್ಲಿ ಕೂತೆ.

"ಕುಮಾರ."

"ಏನವ್ವ."

"ಊಟ ಮಡಗಿದ್ದು ನಾನು. ಮೊದ್ಲು ಮಡಗಿದ್ದು ನಾನೇಯ. ಮರದ ಕೆಳಗೆ ಬಾಳೆಗೊನೆ ಮಡಗಿದ್ದು ನಾನು."

"ಸುಮ್ಕಿರವ್ವ."

"ನಿಜ ಹೇಳ್ಬುಡು ಮಗ. ನಿಮ್ಮಪ್ಪನ ಆಣೆಗೂ ಹೇಳು. ಮರಿ ಐತಾ?" ಅವಳು ನನ್ನ ಕೈ ಹಿಡಿದುಕೊಂಡಳು. ಕೈ ತಣ್ಣಗಿತ್ತು. "ಐತೆ ಅಂದ್ರೆ ಬಾಣಂತಿಗೆ ಇಕ್ಕಿದೆ ಅಂದ್ಕೋತೀನಿ. ಅವ್ಳು ಮಗೀಗೋಸ್ಕರ ಮಾಡಿದ್ಲು ಅಂದ್ಕೋತೀನಿ. ಇಲ್ಲ ಅಂದ್ರೆ ನಾನು ಯಾರಿಗ್ಲಾ ಇಕ್ಕಿದ್ದು?"

"ಐತೆ ಕಣವ್ವ," ಎಂದೆ.

"ನೀನು ಕಂಡ್ಯಾ?"

"ಕಂಡೆ. ಕೆಂಗೂದ್ಲು. ಈಗ ಬೀಳದೆ ನಡೀತದೆ. ಬೆಳಿಗ್ಗೆ ಹೊಳೆ ತಾವ ನೀರಿಗಿಳ್ದಿತ್ತು, ಸೊಂಡಿಲಲ್ಲಿ ಕುಡಿಯಾಕೆ ಬರದೆ ಬಾಯಿ ಹಾಕ್ಬುಟ್ಟು ಕುಡೀತಿತ್ತು."

ಅವ್ವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳುವಾಗ ಅವಳಿಗೆ ಯಾವಾಗಲೂ ಗೊತ್ತಾಗುತ್ತದೆ. ಇವತ್ತು ಅವಳಿಗೆ ಏನೂ ಕಾಣಲಿಲ್ಲ.

"ಹನುಮಂತ ಅನ್ನಾನ ಅದುಕ್ಕೆ," ಎಂದಳು. "ಮನೇಲಿ ಇನ್ಯಾರವ್ರೆ, ನಿಮ್ಮಪ್ಪನ ಹೆಸ್ರು ಇಡಾಕೆ."

ಹೂಂ ಎಂದೆ. ಅವಳು ಎಲೆ ಹತ್ತಿರಕ್ಕೆ ಎಳೆದುಕೊಂಡಳು. ಎರಡು ತುತ್ತು ಉಂಡಳು, ಆಮೇಲೆ ಇನ್ನೆರಡು. ನಾನು ಹೊರಗೆ ಬಂದು ಗ್ರೂಪಿಗೆ ಹಾಕಿದೆ: ಹನುಮಂತ ಚೆನ್ನಾಗಿದ್ದಾನೆ.